ಖಣದ ಮುಖದ ಆಂಪ್ಲಿಫೈಯರ್

ಕಾದ ತಗಡಿನ ಮೇಲೆ ತೆಂಗಿನಕಾಯಿಯ ನೀರು ಬಿದ್ದರೆ ಒಂದು ವಾಸನೆ ಬರುತ್ತದೆ. ಮೊದಲು ಬೆಲ್ಲ ಹತ್ತಿದ ಹಾಗೆ, ಆಮೇಲೆ ಸ್ವಲ್ಪ ಹುಳಿ. ನನಗೆ ಅದು ಆಗುವುದಿಲ್ಲ. ಕಳೆದ ವರ್ಷ ನಾಸಿಕದಲ್ಲಿ ತಮ್ಮನ ಮಗ ಹೊಸ ಕಾರು ತಂದು ಮನೆ ಮುಂದೆ ನಿಲ್ಲಿಸಿದ. ಇಂಜಿನ್ ಇನ್ನೂ ಬಿಸಿಯಾಗಿಯೇ ಇತ್ತು. ಪೂಜೆಗೆ ಬಂದ ಭಟ್ಟರು ಕಲ್ಲು ಹುಡುಕುವ ತಾಪತ್ರಯ ಯಾಕೆಂದು ಕಾಯನ್ನು ಬಂಪರಿಗೇ ಕುಟ್ಟಿ, ನೀರನ್ನು ಬಾನೆಟ್ಟಿನ ಮೇಲೆ ಸುರಿದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದೆ. ಅತ್ತೆಗೆ ಬಿಪಿ ಏರಿತು ಎಂದು ಹೊರಗೆ ಯಾರೋ ಅಂದರು. ಬಿಪಿ ಏರಿರಲಿಲ್ಲ. ನನಗೆ ಇಪ್ಪತ್ತೆರಡು ತುಂಬಿದ ವರ್ಷದ ಮಳೆಗಾಲ, ಅದು ಮುಗಿದ ಮೇಲೆ ಬಂದ ನವರಾತ್ರಿ, ಎಲ್ಲ ಆ ವಾಸನೆಯ ಹಿಂದೆಯೇ ಬಂದು ನಿಂತಿತು.

ಎಪ್ಪತ್ತರ ದಶಕದ ಆರಂಭ. ನಾಸಿಕದ ರವಿವಾರ ಕಾರಂಜಾದ ಹತ್ತಿರ ಅಪ್ಪನ ಸಸ್ಯಾಹಾರಿ ಹೋಟೆಲು. ಕುಂದಾಪುರದ ಕಡೆಯಿಂದ ಬಂದು ಇಡ್ಲಿ, ಸಾಂಬಾರು, ಮರಾಠಿ ಜನರಿಗಾಗಿ ಮಿಸಳ್ ಮಾಡಿ ಊರು ಹಿಡಿದವರು. ನಾನು ಬೆಳಿಗ್ಗೆ ಗಲ್ಲಾದ ಹಿಂದೆ ಕೂರುತ್ತಿದ್ದೆ, ಸಂಜೆ ಮಹಡಿಯಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದೆ. ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ಸಣ್ಣ ಕಂಬಿ ಜಾರಿಸುತ್ತ ನುಡಿಸುವ ಗಿಟಾರ್ ಅದು. ಆಗ ಮನೆಗೊಬ್ಬಳು ಹುಡುಗಿ ಅದನ್ನು ಕಲಿಯುತ್ತಿದ್ದಳು, ಮದುವೆಯಾದ ಮೇಲೆ ಅಟ್ಟಕ್ಕೆ ಹಾಕುತ್ತಿದ್ದಳು. ನನಗೆ ಅಟ್ಟಕ್ಕೆ ಹಾಕುವ ಮನಸ್ಸಿರಲಿಲ್ಲ. ಆರ್ಕೆಸ್ಟ್ರಾದಲ್ಲಿ ಸೇರಿ ನುಡಿಸಬೇಕು ಎಂದು ಹೇಳಿದಾಗ ಅಪ್ಪ ಸಿಟ್ಟಾಗಲಿಲ್ಲ. "ನಂಗೆ ಸಂಗೀತದ ಗಂಧ ಇಲ್ಲೆ. ತಿಳಿದವ್ರು ಒಬ್ರು ಕೇಂಡು, ಈ ಹುಡ್ಗಿ ಬೇಕು ಅಂದೇಳಿ ಹೇಳ್ಲಿ. ಮತ್ತೆ ನಾ ಅಡ್ಡ ಬಪ್ಪುದಿಲ್ಲ. ಹೇಳ್ಲಿಲ್ಲ ಅಂದ್ರೆ ಈ ಆಸೆ ಬಿಡ್," ಎಂದರು. ನ್ಯಾಯವಾದ ಮಾತೇ. ಒಂದು ಸಲ, ತಿಳಿದವರೊಬ್ಬರ ಎದುರು, ನನ್ನ ಕೈ ಸರಿಯಾಗಿ ಕೇಳಿಸಬೇಕಿತ್ತು. ನನಗೆ ಬೇಕಾದದ್ದು ಇಷ್ಟೇ.

ಕೇಳಿಸುವುದೇ ಕಷ್ಟವಾಗಿತ್ತು. ಹಿಂದಿನ ಗಣೇಶೋತ್ಸವದಲ್ಲಿ ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನುಡಿಸಿದ್ದೆ. ಮಂಟಪದವನು ತಂದ ಮೈಕನ್ನು ಗಿಟಾರಿನ ಬಾಯಿಗೆ ಹಿಡಿದು, ಕಂಬಕ್ಕೆ ಕಟ್ಟಿದ ಕಹಳೆಯಂಥ ಲೌಡ್‌ಸ್ಪೀಕರಿನಿಂದ ಹೊರಗೆ ಬಿಟ್ಟರು. ನಾನು ನುಡಿಸಿದ್ದು ದಾಸರ ಪದ, ಹೊರಗೆ ಬಂದದ್ದು ಹಲ್ಲುನೋವಿನವರ ನರಳಾಟ. ಅದರ ನಡುವೆಯೇ "ಊಟದ ಎರಡನೇ ಪಂಕ್ತಿ ಕೂಡ್ರಬೇಕು" ಎಂಬ ಘೋಷಣೆ. ಜನ ಚಪ್ಪಾಳೆ ತಟ್ಟಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಯಾವುದಕ್ಕಾದರೂ ತಟ್ಟುತ್ತಾರೆ.

ತಟ್ಟದೆ ಕೂತಿದ್ದವರು ಒಬ್ಬರೇ, ಹುಯಿಲಗೋಳರು. ಗದಗಿನ ಕಡೆಯವರು, ಓಝರಿನ ವಿಮಾನದ ಕಾರ್ಖಾನೆಯಲ್ಲಿ ರೇಡಿಯೋ ವಿಭಾಗದ ಇಂಜಿನಿಯರು. ಸಭ್ಯ ಮನುಷ್ಯ ಎಂದು ಯಾರೂ ಅವರನ್ನು ಕರೆದಿರಲಿಕ್ಕಿಲ್ಲ. ತಮ್ಮ ಹೊರತು ಜಗತ್ತಿನಲ್ಲಿ ಬೇರೆಯವರಿಗೆ ಕಿವಿ ಇದೆಯೆಂದು ಅವರು ನಂಬಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ನೇರವಾಗಿ ನನ್ನ ಹತ್ತಿರ ಬಂದು, "ನಿಮ್ಮ ಕೈ ಛಲೋ ಅದರಿ. ಕೇಳಿದ್ದು ಮಾತ್ರ ಹೊಲಸು. ನನಗ ಎದ್ದು ಹೋಗಿ ಕಿವಿ ತೊಳಕೊಳ್ಳೂಣು ಅನಿಸ್ತು," ಎಂದರು. ನನಗೆ ಅವರು ಆ ಕ್ಷಣವೇ ಹಿಡಿಸಿದರು.

ಅವರು ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುತ್ತಿದ್ದರು. ಅಂಗಡಿಯ ಮಾಲಲ್ಲ, ಒಬ್ಬರಿಗೆ ಒಂದು, ಅವರ ಕೈ ನೋಡಿ. ಇಬ್ಬರಿಗೆ ಒಂದೇ ತರಹದ್ದು ಕಟ್ಟಿದರೆ ತಮ್ಮ ಮರ್ಯಾದೆ ಹೋಯಿತು ಎಂದೇ ಅವರ ಲೆಕ್ಕ. ಆ ಮಳೆಗಾಲ ನನ್ನದು ಎಂದು ಅವರೇ ತೀರ್ಮಾನಿಸಿದರು. ನನ್ನನ್ನು ಕೇಳಲೂ ಇಲ್ಲ.

ಹಾಗಾಗಿ ಭಾನುವಾರ ಬಂತೆಂದರೆ ಗಿಟಾರ್ ಹೊತ್ತು ಓಝರ್ ಬಸ್ಸು. ನಾಸಿಕದ ಮಳೆಗಾಲವನ್ನು ಹೊಗಳುವವರು ಗೋದಾವರಿಯ ಪ್ರವಾಹ ನೋಡಿ ಹೊಗಳುತ್ತಾರೆ. ನನ್ನ ಪಾಲಿಗೆ ಅದು ಕೊಳೆತ ಈರುಳ್ಳಿ. ಚಾಂದವಡದ ಕಡೆಯ ರೈತರು ಬೆಲೆ ಏರಲೆಂದು ಚಾಳ್ ಎಂಬ ಉದ್ದನೆಯ ಕಣಜಗಳಲ್ಲಿ ತುಂಬಿಟ್ಟ ಈರುಳ್ಳಿ ಜುಲೈಯಲ್ಲಿ ಬೆವರಿ, ಆಗಸ್ಟಿನಲ್ಲಿ ನೀರಾಗುತ್ತದೆ. ಬಸ್ಸಿನಲ್ಲಿ ಒದ್ದೆ ಕಂಬಳಿ, ಬೀಡಿ, ಕೊಳೆತ ಈರುಳ್ಳಿ. ಇಳಿಯುವಷ್ಟರಲ್ಲಿ ನನ್ನ ಜಡೆಗೂ ಅದೇ ವಾಸನೆ. ಹುಯಿಲಗೋಳರ ಹೆಂಡತಿ ಇಂದಿರಾಬಾಯಿ ಬಾಗಿಲಲ್ಲೇ ನನ್ನ ಕೈಗೆ ಟವೆಲ್ಲು ಕೊಟ್ಟು, "ಮೊದಲ ರೊಟ್ಟಿ ತಿನ್ನವಾ. ಅವರ ಟಿಂಯ್ ಟಿಂಯ್ ಸಂಜಿ ತನಕಾ ಇದ್ದದ್ದ," ಎನ್ನುತ್ತಿದ್ದರು.

ಟಿಂಯ್ ಟಿಂಯ್ ಎಂದರೆ ಒಂದೇ ಸ್ವರಪುಂಜವನ್ನು ನಾನು ನುಡಿಸುತ್ತಲೇ ಇರುವುದು, ಅವರು ಬೆಸುಗೆ ಹಾಕುವ ಕಾದ ಕಡ್ಡಿ ಹಿಡಿದು ಒಳಗೆ ಒಂದೊಂದು ಬಿಡಿಭಾಗ ಬದಲಿಸುತ್ತ ಹೋಗುವುದು. ಕಂಬಿ ಜಾರಿಸುವಾಗ ನನ್ನ ಎಡಗೈ ಕೊನೆಯಲ್ಲಿ ಸ್ವಲ್ಪ ನಿಧಾನವಾಗುತ್ತಿತ್ತು. ಕಲಿಸಿದ ಮಾಸ್ತರರು ಅದನ್ನು ದೋಷವೆಂದು ತಿದ್ದಲು ನೋಡಿದ್ದರು. ಹುಯಿಲಗೋಳರು, "ಅದನ್ನ ತಿದ್ದಬ್ಯಾಡ್ರಿ. ಅದ ನಿಮ್ಮ ದನಿ. ಪೆಟಿಗಿನ ತಿದ್ದತೇನಿ ನಾ," ಎಂದರು. ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಸುತ್ತು ಸುತ್ತಾಗಿ ಕೈಯಿಂದಲೇ ಸುತ್ತಿದರು. ಮಳೆಯ ತೇವಕ್ಕೆ ವಾರ್ನಿಷು ಒಣಗದೆ ಎರಡು ಸಲ ಬಿಚ್ಚಿ ಮತ್ತೆ ಸುತ್ತಿದರು. ತೇಗದ ಪೆಟ್ಟಿಗೆ, ಒಳಗಿನ ಗಾಜಿನ ವಾಲ್ವುಗಳ ಬಿಸಿ ಹೋಗಲು ಮೇಲ್ಗಡೆ ಉದ್ದುದ್ದ ಸೀಳು. ಸ್ಪೀಕರಿನ ಮುಂದೆ ಹಾಕಲು ಬಟ್ಟೆ ಬೇಕಾದಾಗ ಇಂದಿರಾಬಾಯಿ ತಮ್ಮ ಕುಪ್ಪಸಕ್ಕೆಂದು ಇಟ್ಟಿದ್ದ ಗುಳೇದಗುಡ್ಡದ ಖಣ ಕೊಟ್ಟರು. ಕಡುನೇರಳೆ ಬಣ್ಣ, ಸಣ್ಣ ಸಣ್ಣ ಹೂವು.

ಮಳೆ ನಿಲ್ಲುವ ಹೊತ್ತಿಗೆ ಒಂದು ಭಾನುವಾರ ಅದರಲ್ಲಿ ಮೊದಲ ಬಾರಿ ಪೂರ್ತಿಯಾಗಿ ಒಂದು ಪದ ನುಡಿಸಿದೆ. ನಿಧಾನವಾಗುವ ನನ್ನ ಆ ಜಾರು ಸ್ವರದ ಕೊನೆ ಒಡೆಯಲಿಲ್ಲ, ಚೀರಲಿಲ್ಲ, ಉಸಿರು ಬಿಟ್ಟ ಹಾಗೆ ತೆಳುವಾಗಿ ಮುಗಿಯಿತು. ನನ್ನ ತಲೆಯೊಳಗೆ ಮಾತ್ರ ಕೇಳುತ್ತಿದ್ದದ್ದು ಅಂದು ಕೋಣೆಯಲ್ಲಿ ಕೇಳಿತು. ನನಗೆ ಅಳು ಬಂತು. ಹುಯಿಲಗೋಳರು ಮಾತ್ರ, "ಇಂಥಾದ್ದು ಯಾರ ಕಟ್ಟತಾರ ಹೇಳ್ರಿ ನೋಡೂಣು," ಎಂದು ತಮ್ಮನ್ನೇ ಹೊಗಳಿಕೊಂಡು ಚಹಾ ಕುಡಿದರು. ಆ ವರ್ಷದಲ್ಲಿ ನನಗೆ ಯಾವ ಅಸಹ್ಯವೂ ಇಲ್ಲದೆ ನೆನಪಾಗುವ ದಿನ ಅದೊಂದೇ.

ನವರಾತ್ರಿಗೆ ಔರಂಗಾಬಾದಿನ ಕನ್ನಡಿಗರು ನಮ್ಮ ಸಂಘವನ್ನು ಕರೆದರು. ಈಗ ಊರಿನ ಹೆಸರು ಛತ್ರಪತಿ ಸಂಭಾಜಿನಗರ. ನನ್ನ ನಾಲಿಗೆಗೆ ಇನ್ನೂ ಹಳೆಯದೇ ಬರುತ್ತದೆ. ಅಲ್ಲಿ ಬಾಬುರಾವ್ ಎಂಬವರ ಆರ್ಕೆಸ್ಟ್ರಾ ಇತ್ತು. ಬೀದರಿನವರು, ನಿಜಾಮನ ಕಾಲದಲ್ಲೇ ಅಲ್ಲಿಗೆ ಬಂದು ನೆಲೆಸಿದ ಮನೆತನ. ಮರಾಠವಾಡದ ಊರೂರಿಗೆ ಅವರ ತಂಡ ಹೋಗುತ್ತಿತ್ತು, ಹೆಂಡತಿಯೇ ಮುಖ್ಯ ಗಾಯಕಿ. ಗಿಟಾರಿಗೆ ಒಬ್ಬ ಹುಡುಗಿಯನ್ನು ಹುಡುಕುತ್ತಿದ್ದಾರೆ, ಮಹಾನವಮಿಯ ಸಂಜೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ ಎಂದು ಸುದ್ದಿ ಬಂತು. ಅಪ್ಪ ಹೋಟೆಲನ್ನು ಅಡುಗೆಯವರಿಗೆ ವಹಿಸಿ ನನ್ನ ಜೊತೆ ಹೊರಟರು.

ಮನ್ಮಾಡಿನಲ್ಲಿ ಗಾಡಿ ಬದಲಿಸಬೇಕು. ಪೋರ್ಟರು ಪೆಟ್ಟಿಗೆಗೆ ಕೈ ಹಾಕಿದ್ದಕ್ಕೆ ಹುಯಿಲಗೋಳರು ಅವನ ಜೊತೆ ಜಗಳ ತೆಗೆದರು, ಕೊನೆಗೆ ತಾವೇ ಎದೆಗವಚಿಕೊಂಡು ಮೇಲ್ಸೇತುವೆ ಹತ್ತಿದರು. ಸಂಘದ ಕಾರ್ಯದರ್ಶಿ ಹಂಚಿನಮನಿಯವರು ಹಿಂದಿನಿಂದ, "ಹೆಂಡತೀನ್ನ ಎಂದಾರ ಹಿಂಗ ಎತಗೊಂಡೀರೇನ್ರಿ," ಎಂದು ಎಲ್ಲರನ್ನೂ ನಗಿಸಿದರು. ಈ ಹಂಚಿನಮನಿಯವರೂ ಅದೇ ಕಾರ್ಖಾನೆಯವರು, ವಿಮಾನದ ಸೂಕ್ಷ್ಮ ಉಪಕರಣಗಳ ವಿಭಾಗದ ಮೇಲ್ವಿಚಾರಕರು. ಅವರ ವಿಭಾಗದಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ತಲೆಗೆ ಟೋಪಿ ಹಾಕಬೇಕು, ಬೆವರಿದ ಬೆರಳು ಒಂದು ಮುಳ್ಳಿಗೆ ತಾಗಿದರೂ ಮೆಮೋ. ಅದನ್ನೇ ರೈಲಿನುದ್ದಕ್ಕೂ ಹೆಮ್ಮೆಯಿಂದ ಹೇಳುತ್ತ ಬಂದರು.

ಮಹಾನವಮಿ ನಮ್ಮವರಿಗೆ ಆಯುಧಪೂಜೆ. ಕಾರ್ಖಾನೆಯ ಜನ ಎಲ್ಲಿಗೆ ಹೋದರೂ ಅದನ್ನು ಬಿಡುವುದಿಲ್ಲ. ಲೇತ್ ಯಂತ್ರಕ್ಕೂ ಪೂಜೆ, ಸ್ಪ್ಯಾನರಿಗೂ ಪೂಜೆ. ಗುಲ್ಮಂಡಿಯ ಹತ್ತಿರ ಕಾರ್ಯಕ್ರಮವಿದ್ದ ಸಭಾಂಗಣದಲ್ಲಿ ಮಧ್ಯಾಹ್ನದ ಊಟ ಆದೊಡನೆ ಹಂಚಿನಮನಿಯವರು ತಟ್ಟೆ ಹಿಡಿದು ಸುತ್ತತೊಡಗಿದರು. ಹಾರ್ಮೋನಿಯಂ, ತಬಲಾ, ಮೈಕು, ಅಡುಗೆಯವರ ಈಳಿಗೆಮಣೆ, ಎಲ್ಲಕ್ಕೂ ಗಂಧ, ಕುಂಕುಮ, ಚೆಂಡುಹೂವು. ಹುಯಿಲಗೋಳರು ಮೊದಲೇ ಎಚ್ಚರಿಸಿದ್ದರು. "ನನ್ನ ಪೆಟಿಗಿಗೆ ಈಗ ಏನೂ ಮಾಡಬ್ಯಾಡ್ರಿ. ಪ್ರೋಗ್ರಾಂ ಮುಗೀಲಿ, ಆರಿಸಿದ ಮ್ಯಾಲೆ ದೂರಿಂದ ಆರತಿ ಮಾಡ್ರಿ ಬೇಕಾದ್ರ." ಹಂಚಿನಮನಿಯವರು, "ಹಂಗ ಆಗಲಿರಿ," ಎಂದಿದ್ದರು. ಆ ಮಾತನ್ನು ನಾನೇ ಕೇಳಿದ್ದೇನೆ.

ವಾಲ್ವುಗಳು ಕಾಯಲೆಂದು ಹುಯಿಲಗೋಳರು ಆಂಪ್ಲಿಫೈಯರನ್ನು ಬೇಗನೆ ಹಚ್ಚಿಟ್ಟಿದ್ದರು. ಆ ಊರಿನ ಕರೆಂಟು ಏರಿಳಿಯುವುದು ನೋಡಿ, ಲೈಟಿನವನ ಜೊತೆ ಹಿಂದಿನ ಮೀಟರು ಕೋಣೆಗೆ ಹೋದರು. ನಾನು ಪಕ್ಕದ ಕೋಣೆಯಲ್ಲಿ ಇಂದಿರಾಬಾಯಿಯವರಿಂದ ಜಡೆ ಹಾಕಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಟಪ್ಪೆಂದು ಕಾಯಿ ಒಡೆದ ಸದ್ದು. ಅದರ ಬೆನ್ನಿಗೇ ಗಾಜು ಸಿಡಿದ ಸಣ್ಣ ಸದ್ದು. ಆಮೇಲೆ ಆ ವಾಸನೆ.

ಓಡಿ ಬಂದು ನೋಡಿದೆ. ಖಣದ ಬಟ್ಟೆಯ ಮೇಲೆ ಮೂರು ಬೆರಳಿನ ಗಂಧದ ಪಟ್ಟೆ, ನಡುವೆ ಅಂಗೈಯಗಲ ಒದ್ದೆ ಕುಂಕುಮ. ಬಿಸಿ ಹೋಗಬೇಕಾದ ಸೀಳುಗಳ ಮೇಲೆ ಚೆಂಡುಹೂವಿನ ಹಾರ. ತೇಗದ ಅಂಚಿನಲ್ಲಿ ಕಾಯಿ ಕುಟ್ಟಿದ ಗಾಯ. ಸೀಳುಗಳಿಂದ ಹೊಗೆ. ಒಳಗೆ ಏನೋ ಚಿರ್ರೆಂದು ಹುರಿಯುತ್ತಿತ್ತು. ಬಟ್ಟೆಯ ಅಂಚಿನಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು. ಹಂಚಿನಮನಿಯವರು ಎರಡು ಹೋಳನ್ನೂ ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು. "ಭಾಳ ಶುಭ ಆತ್ರಿ. ನೋಡ್ರಿ, ನಟ್ಟನಡುವ ಒಡದೈತಿ."

ನಾನು ಓಡಿ ಪ್ಲಗ್ಗು ಕಿತ್ತೆ. ಬೆವರಿನ ಬೆರಳಿಗೆ ಮೆಮೋ ಕೊಡುವ ಮನುಷ್ಯ, ಬೆಂಕಿಯಂತೆ ಕಾದ ಗಾಜಿನ ಮೇಲೆ ತಣ್ಣನೆಯ ನೀರು ಸುರಿದಿದ್ದರು. ತಿಳಿಯದೆ ಸುರಿದದ್ದಲ್ಲ. ಅಷ್ಟು ಓದಿದವರಿಗೆ ಅದು ತಿಳಿಯದೆ ಹೋದೀತೇ. ಕಾರ್ಖಾನೆಯದಾದರೆ ಯಂತ್ರ, ನಮ್ಮದಾದರೆ ದೇವರು. ದೇವರಿಗೆ ಏನು ಬೇಕಾದರೂ ಮಾಡಬಹುದು.

ಹುಯಿಲಗೋಳರು ಬಂದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಹಾರ ತೆಗೆದು, ಹಿಂದಿನ ಹಲಗೆ ಬಿಚ್ಚಿ, ಕೈಯಿಂದ ಸುತ್ತಿದ ಆ ಟ್ರಾನ್ಸ್‌ಫಾರ್ಮರನ್ನು ಮುಟ್ಟಿ ನೋಡಿ, ಬೆರಳನ್ನು ಮೂಸಿದರು. "ಮುಗೀತ್ರಿ," ಎಂದರು. ಅಷ್ಟೇ. "ರಿಪೇರಿ ಆಗತೈತಿ ತಗೋರಿ, ನಿಮಗೇನು ದೊಡ್ಡದು," ಎಂದು ಹಂಚಿನಮನಿಯವರು ಅವರ ಬೆನ್ನು ತಟ್ಟಿ, ಅದೇ ಕಾಯಿಯ ಚೂರನ್ನು ಪ್ರಸಾದವೆಂದು ಅವರ ಕೈಗೆ ಹಾಕಿದರು. ಇಂದಿರಾಬಾಯಿ ಖಣದ ಮೇಲಿನ ಕುಂಕುಮವನ್ನು ಉಗುರಿನಿಂದ ಕೆರೆಯುತ್ತಿದ್ದರು. ಕೆರೆದಷ್ಟೂ ಅದು ಹರಡಿತು.

ಆಮೇಲಿನದು ಇನ್ನೂ ಹೊಲಸು. ಕನ್ನಡಿಗರೇ ತಯಾರಿಸಿದ ಆಂಪ್ಲಿಫೈಯರ್ ಎಂದು ಮುಖ್ಯ ಅತಿಥಿಗಳಿಗೆ ಹೇಳಿಯಾಗಿದೆ, ಈಗ ಇಲ್ಲವೆಂದರೆ ಸಂಘದ ಮಾನ ಹೋಗುತ್ತದೆ ಎಂದು ಕಾರ್ಯಕಾರಿಣಿ ಮೂಲೆಯಲ್ಲಿ ಗುಸುಗುಸು ಮಾಡಿತು. ಹಂಚಿನಮನಿಯವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಪೆಟಿಗಿ ಅಲ್ಲೇ ಇರಲಿ, ಚಂದ ಕಾಣತೈತಿ. ಮೈಕಿನವನ ಕಡೆ ಗಿಟಾರಿನ ರೆಕಾರ್ಡು ಅದಾವು. ಅಂವ ಹಚ್ಚತಾನ, ನೀವು ಸುಮ್ನ ಕೈ ಆಡಿಸ್ರಿ. ಯಾರಿಗೆ ತಿಳೀತೈತಿ."

"ನಾ ಹಾಗೆ ಮಾಡೂದಿಲ್ಲ. ಬರೀ ಮೈಕಿನಲ್ಲೇ ನುಡಿಸ್ತೇನೆ, ಹೋದ ವರ್ಷದ ಹಾಗೆ. ಹೇಗೆ ಕೇಳಿದರೂ ಸರಿ, ನನ್ನದೇ ಕೇಳ್ಲಿ," ಎಂದೆ.

"ಆತ್ರಿ ಆತ್ರಿ, ಹಂಗ ಮಾಡೂಣು," ಎಂದರು. ಬೆಳಿಗ್ಗೆ ಹುಯಿಲಗೋಳರಿಗೆ ಆಗಲಿ ಎಂದದ್ದು ಇದೇ ಬಾಯಿ, ಇದೇ ನಗು. ನನಗೆ ಆಗಲೇ ಹೊಳೆಯಬೇಕಿತ್ತು.

ಸಂಜೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿ, ಅವರ ಪಕ್ಕ ಬಿಳಿ ಸಫಾರಿ ತೊಟ್ಟ ಬಾಬುರಾವ್. ಅಪ್ಪ ಎರಡನೇ ಸಾಲಿನಲ್ಲಿ. ಹುಯಿಲಗೋಳರು ಎಲ್ಲರ ಹಿಂದೆ, ಬಾಗಿಲ ಬಳಿ. ನಾನು ಗಿಟಾರ್ ತೊಡೆಯ ಮೇಲಿಟ್ಟು ಕೂತೆ. ಪಕ್ಕದಲ್ಲಿ ಆ ಸತ್ತ ಪೆಟ್ಟಿಗೆ, ಹೊಸ ಹಾರದೊಂದಿಗೆ. ಹಂಚಿನಮನಿಯವರು ಮೈಕಿನಲ್ಲಿ, ಈಗ ದಾಸರ ಪದ, ನಮ್ಮವರೇ ನಿರ್ಮಿಸಿದ ಆಂಪ್ಲಿಫೈಯರಿನಲ್ಲಿ, ಎಂದು ಸಾರಿದರು. ನಾನು ಕಂಬಿಯನ್ನು ತಂತಿಗೆ ತಾಗಿಸುವ ಮೊದಲೇ ಕಹಳೆಯಿಂದ ಗಿಟಾರ್ ಶುರುವಾಯಿತು. ನನ್ನದಲ್ಲ. ಹೆಸರಾಂತವರೊಬ್ಬರ ರೆಕಾರ್ಡು. ದಾಸರ ಪದವೂ ಅಲ್ಲ, ಸಿನಿಮಾ ಹಾಡು. ಹಿಂದೆ ಢೋಲಕ್, ಪಿಟೀಲು, ಎಲ್ಲ ಇದ್ದವು. ವೇದಿಕೆಯ ಮೇಲೆ ನಾನೊಬ್ಬಳೇ ಇದ್ದೆ.

ನನ್ನ ಮುಂದಿನ ಮೈಕಿಗೆ ಜೀವವೇ ಇರಲಿಲ್ಲ. ನಾನು ಕಂಬಿಯನ್ನು ಕೆಳಗಿಟ್ಟೆ. ಎರಡೂ ಕೈಯನ್ನು ಗಿಟಾರಿನಿಂದ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ, ಮಡಿಲಿಗಿಟ್ಟುಕೊಂಡು ನೆಟ್ಟಗೆ ಕೂತೆ. ಈಗ ಯಾರಾದರೂ ಏಳುತ್ತಾರೆ, ಏನಿದು ಎಂದು ಕೇಳುತ್ತಾರೆ, ಕಡೆಗೆ ನಗುವುದಾದರೂ ನಗುತ್ತಾರೆ ಎಂದುಕೊಂಡೆ. ಹಾಡು ಜಾರುತ್ತ, ಏರುತ್ತ ಮುಂದುವರಿಯಿತು. ಮುಖ್ಯ ಅತಿಥಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮೂರನೇ ಸಾಲಿನ ಹೆಂಗಸೊಬ್ಬಳು ನನ್ನ ಸೀರೆಯ ಅಂಚನ್ನು ಪಕ್ಕದವಳಿಗೆ ತೋರಿಸಿದಳು. ಬಾಗಿಲಲ್ಲಿ ಹುಯಿಲಗೋಳರು ಮಾತ್ರ ನನ್ನ ಕೈಗಳನ್ನು ನೋಡಿದರು. ಒಂದು ಸಲ ತಲೆಯಾಡಿಸಿ ಹೊರಟುಹೋದರು. ಆ ಮನುಷ್ಯ ಆಮೇಲೆ ಯಾರಿಗೂ ಏನನ್ನೂ ಕಟ್ಟಲಿಲ್ಲ.

ಹಾಡು ಮುಗಿದಾಗ ಬಿದ್ದಂಥ ಚಪ್ಪಾಳೆ ನನ್ನ ಜೀವಮಾನದಲ್ಲಿ ನನಗೆ ಬಿದ್ದಿಲ್ಲ. ಆ ಊರಿನ ಹಿಮ್ರೂ ನೇಯ್ಗೆಯ ಶಾಲು ಹೊದಿಸಿದರು. ಅದು ಹೆಗಲ ಮೇಲೆ ಬಿದ್ದಾಗ ನನಗೆ ಹಲ್ಲಿ ಬಿದ್ದಷ್ಟೇ ಹೇಸಿಗೆಯಾಯಿತು.

ವೇದಿಕೆಯ ಪಕ್ಕಕ್ಕೆ ಬಾಬುರಾವ್ ಬಂದರು. ಪಾನಿನ ಕೆಂಪು ಬಾಯಿ, ಬಹಳ ವಿನಯ. ಬಂದವರೇ ಹೊಗಳಿದ್ದರೆ ಅವರನ್ನೂ ಕಿವುಡರ ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತಿದ್ದೆ. ಅವರು ಹೇಳಿದ್ದು ಬೇರೆ.

"ನೀವು ಕೈ ತೆಗದದ್ದು ನೋಡೀನ್ರಿ ಬಾಯಿ. ಕೋಯೀ ಬಾತ್ ನಹೀಂ. ಕೂಡೂದು ಭಾಳ ಛಲೋ ಕೂಡ್ತೀರಿ, ಮಂದಿ ನಿಮ್ಮನ್ನ ಬಿಟ್ಟು ಬ್ಯಾರೆ ಕಡೆ ನೋಡಿಲ್ಲ. ನಮ್ಮ ಬಲ್ಲಿ ಪರದೆ ಹಿಂದ ಒಬ್ಬಾವ ಇದ್ದಾನ, ಏಕದಮ್ ಕಮಾಲ್ ಬಾರಸ್ತಾನ. ಸಿಡುಬಿನ ಮುಖ, ಮುಂದ ಕೂಡಸ್ಲಿಕ್ ಬರಾಂಗಿಲ್ಲ. ನೀವು ಮುಂದ ಕೂಡ್ರಿ ಸಾಕು. ಮುಂದಿನ ತಿಂಗಳದಿಂದ ಬರ್ರಿ."

"ನಾನು ನುಡಿಸೋದು ಕೇಳೋದಿಲ್ವಾ ನೀವು," ಎಂದೆ. "ಗಿಟಾರ್ ಇಲ್ಲೇ ಇದೆ."

"ಅದರ ಜರೂರತ್ ಇಲ್ಲರಿ."

"ಅವರ ಹೆಸರೇನು, ಆ ಪರದೆ ಹಿಂದಿನವರದು?"

"ಹೆಸರು ತಗೊಂಡು ಏನ್ ಮಾಡ್ತೀರಿ," ಎಂದು ನಕ್ಕರು.

"ಅವರನ್ನೇ ಮುಂದೆ ಕೂಡಿಸಿ. ನಾನು ಬರೋದಿಲ್ಲ," ಎಂದು ಹೇಳಿ, ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಹಾಕಿ ಹೊರಗೆ ಬಂದೆ. ಬಾಬುರಾವ್ ಕೆಟ್ಟವರೆಂದು ನಾನು ಹೇಳುವುದಿಲ್ಲ. ಆ ಇಡೀ ಸಭಾಂಗಣದಲ್ಲಿ ಕಣ್ಣಿದ್ದವರು ಅವರೊಬ್ಬರೇ. ಕಣ್ಣಿದ್ದೂ ಹಾಗೆ ಮಾತಾಡಿದರಲ್ಲ, ಅದಕ್ಕೇ ಹೇಸಿಗೆ ಹೆಚ್ಚು.

ಅಪ್ಪ ಹೊರಗೆ ಟಾಂಗಾದಲ್ಲಿ ಕಾಯುತ್ತಿದ್ದರು. ಹತ್ತಿ ಕೂತ ಮೇಲೆ ನೋಡಿದರೆ ಅವರ ಕಣ್ಣು ಒದ್ದೆಯಾಗಿತ್ತು. ಬಾಬುರಾವ್ ಮೊದಲು ಅವರ ಹತ್ತಿರವೇ ಹೋಗಿ, ನಿಮ್ಮ ಮಗಳು ನಮಗೆ ಬೇಕು ಎಂದು ಹೇಳಿದ್ದರಂತೆ.

"ನಾ ಕಣ್ಣು ಮುಚ್ಕಂಡು ಕೇಂತಾ ಇದ್ದೆ ಮಗಾ," ಎಂದರು ಅಪ್ಪ. "ನೀ ಇಷ್ಟು ಚಂದ ಬಾರ್ಸ್ತೆ ಅಂದೇಳಿ ನಂಗೆ ಗೊತ್ತೇ ಇರ್ಲಿಲ್ಲೆ. ಮನೇಲಿ ಒಂದಿನವೂ ಹೀಂಗೆ ಬಾರ್ಸ್ಲಿಲ್ಲೆ ನೀನು. ಹೋಗ್, ನಾ ಬೇಡ ಅಂಬುದಿಲ್ಲೆ."

ಆರು ವರ್ಷ ಅವರ ತಲೆಯ ಮೇಲಿನ ಮಹಡಿಯಲ್ಲಿ ದಿನಾ ಸಂಜೆ ನುಡಿಸಿದ್ದೆ.

"ಅಪ್ಪ, ಅದು ರೆಕಾರ್ಡು. ನಾನು ನುಡಿಸಲೇ ಇಲ್ಲ. ನನ್ನ ಕೈ ಮಡಿಲಲ್ಲಿತ್ತು," ಎಂದೆ.

ಟಾಂಗಾದವನು ಕುದುರೆಯನ್ನು ಬಯ್ದುಕೊಳ್ಳುತ್ತಿದ್ದ. ಅಪ್ಪ ನನ್ನ ಕೈ ಹಿಡಿದು, ಬಹಳ ಮೆಲ್ಲಗೆ, ನನ್ನ ಒಳ್ಳೆಯದಕ್ಕೆಂದೇ ಹೇಳಿದರು.

"ಅಡ್ಡಿಲ್ಲೆ ಬಿಡ್. ಅದನ್ನ ಯಾರ ಹತ್ರವೂ ಹೇಳ್ಬೇಡ."

ನಾನು ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.